ಸ್ಟೀರಿಂಗ್ ಸರಿ, ಬ್ರೇಕಿನ ಕತೆ ಏನು?

ಲಾಜಿಟೆಕ್ ಜಿ29 ಬಗ್ಗೆ ಮಾತು ಬಂದಾಗೆಲ್ಲ ಜನ ಹೊಗಳೋದು ಸ್ಟೀರಿಂಗನ್ನೇ. ಹೊಗಳಲಿ, ತಪ್ಪಿಲ್ಲ. 2015ರಲ್ಲಿ ಬಂದ ಸಾಮಾನು. ಈ ತುದಿಯಿಂದ ಆ ತುದಿಗೆ 900 ಡಿಗ್ರಿ ತಿರುಗುತ್ತೆ, ಚರ್ಮದ ಹೊದಿಕೆ ಇದೆ, ಒಳಗಿನ ಎರಡು ಮೋಟಾರು ರಸ್ತೆಯ ಉಬ್ಬುತಗ್ಗನ್ನು ಕೈಗೆ ಮುಟ್ಟಿಸುತ್ತವೆ. ಆದರೆ ಆಟ ಕೆಡೋದು ಮೇಜಿನ ಮೇಲಲ್ಲ, ಕೆಳಗೆ.

ಕಾರಿನ ಬ್ರೇಕು ಎಷ್ಟು ದೂರ ಒಳಗೆ ಹೋಯ್ತು ಅಂತ ಯಾರೂ ಲೆಕ್ಕ ಇಡಲ್ಲ. ಎಷ್ಟು ಜೋರಾಗಿ ಒತ್ತಿದ್ದೇನೆ ಅನ್ನೋದು ಕಾಲಿಗೆ ಗೊತ್ತಿರುತ್ತೆ. ಜಿ29ರ ಪೆಡಲ್ ಅಳೆಯೋದು ಮಾತ್ರ ದೂರವನ್ನ. ಅದರೊಳಗಿರೋದು ಪೊಟೆನ್ಶಿಯೋಮೀಟರ್, ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸುತ್ತಿದ್ದೆವಲ್ಲ, ಅದೇ ಜಾತಿ. ನಿಜವಾದ ಬ್ರೇಕಿನ ಬಿಗಿ ಬರಲಿ ಅಂತ ಒಳಗೊಂದು ರಬ್ಬರ್ ತುಂಡು ಇಟ್ಟಿದ್ದಾರೆ. ಬಿಗಿ ಏನೋ ಬಂತು. ಆದರೆ ರಬ್ಬರು ತಡೆದ ಮೇಲೆ ಪೆಡಲ್ ಸುಲಭಕ್ಕೆ ಕೆಳಗಿಳಿಯಲ್ಲ. ಕಾಲು ತನ್ನ ಶಕ್ತಿಯೆಲ್ಲ ಹಾಕಿ ಒತ್ತಿದ್ದರೂ ಆಟಕ್ಕೆ ತಲುಪಿರೋದು ಅರೆಬರೆ ಬ್ರೇಕು. ಗಾಡಿ ತಿರುವಿನಲ್ಲಿ ನಿಲ್ಲದೆ ಹುಲ್ಲಿಗೆ ನುಗ್ಗುತ್ತೆ. ಹೊಸಬರು ಪೆಡಲನ್ನು ಅನುಮಾನಿಸಲ್ಲ, ‘ನಂಗೆ ಓಡಿಸಕ್ಕೇ ಬರಲ್ಲ’ ಅಂದುಕೊಳ್ತಾರೆ. ನಾಲ್ಕು ದಿನಕ್ಕೆ ಎಲ್ಲ ಅಟ್ಟ ಸೇರುತ್ತೆ. ನನ್ನ ತಕರಾರು ಇರೋದು ಇಲ್ಲೇ.

ಪರಿಹಾರ ಇಲ್ಲ ಅಂತಲ್ಲ. ಐರೇಸಿಂಗ್‌ನಂಥ ಆಟ ಕ್ಯಾಲಿಬ್ರೇಶನ್ ಮಾಡುವಾಗ ಪೆಡಲ್ ಒತ್ತಿ ತೋರಿಸಿ ಅನ್ನುತ್ತೆ. ಆಗ ಪೌರುಷ ತೋರಿಸಬೇಡಿ. ಕಾಲು ನೋಯದ ಹಾಗೆ ಎಷ್ಟು ಒತ್ತಬಹುದೋ ಅಷ್ಟನ್ನೇ ನೂರು ಅಂತ ಒಪ್ಪಿಸಿ. ಎಕ್ಸಲರೇಟರು, ಬ್ರೇಕು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸೋ ಆಯ್ಕೆಯೊಂದು ಲಾಜಿಟೆಕ್ಕಿನ ತಂತ್ರಾಂಶದಲ್ಲಿದೆ, ತೀರಾ ಹಳೇ ಆಟಗಳಿಗೋಸ್ಕರ. ಅದು ಆನ್ ಆಗಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿದಾಗ ಒಂದು ಇನ್ನೊಂದನ್ನು ನುಂಗುತ್ತೆ. ಆಫ್ ಮಾಡಿ.

ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುವವರಿಗೆ ಇದೆಲ್ಲ ಅಷ್ಟಾಗಿ ಕಾಡಲ್ಲ. ಲಾರಿಯನ್ನು ದೂರದಿಂದಲೇ ನಿಧಾನ ಮಾಡಿಕೊಂಡು ಬರೋದು ಅಲ್ಲಿನ ರೂಢಿ. ‘ನನ್ನದು ಚೆನ್ನಾಗೇ ಇದೆಯಲ್ಲ’ ಅನ್ನೋರು ಯಾವ ಆಟ ಆಡ್ತಾರೆ ಅಂತ ಮೊದಲು ಕೇಳಬೇಕು. 2022ರಲ್ಲಿ ಇದೇ ಕಂಪನಿ ಜಿ ಪ್ರೊ ಪೆಡಲ್ ತಂದಾಗ ಬ್ರೇಕಿಗೆ ಲೋಡ್ ಸೆಲ್ ಹಾಕಿತು, ಅಂದರೆ ಒತ್ತಡವನ್ನೇ ಅಳೆಯೋ ಸೆನ್ಸರ್. ಸರಿಯಾದ ದಾರಿ ಯಾವುದು ಅಂತ ಗೊತ್ತಿತ್ತು ಅಂತಾಯ್ತು. ಬೆಲೆ ಮಾತ್ರ ಬೇರೆ ಲೋಕದ್ದು.

ಇನ್ನೊಂದು ಮಾತು. ಜಿ29ರ ಪೆಡಲಿನ ಅಡಿಯಲ್ಲಿ ಕಾರ್ಪೆಟ್ಟನ್ನು ಕಚ್ಚಿ ಹಿಡಿಯೋ ಹಲ್ಲುಗಳಿವೆ. ಮೊಸಾಯಿಕ್ ನೆಲದ ಮನೆಯಲ್ಲಿ ಆ ಹಲ್ಲು ಕಚ್ಚೋದೇನನ್ನ? ಬ್ರೇಕ್ ಒತ್ತಿದರೆ ಪೆಡಲ್ ಮುಂದಕ್ಕೆ, ಗಾಲಿ ಕುರ್ಚಿ ಹಿಂದಕ್ಕೆ. ಪೆಡಲನ್ನು ಗೋಡೆಗೆ ಆನಿಸಿಡಿ, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತ್ಕೊಳ್ಳಿ.