ಅಜ್ಜಿಯ ಊರು ಕೇಳುವ ಪ್ರಶ್ನಾವಳಿ

ರೋಗಿಯ ಸಂಸ್ಕೃತಿಯನ್ನು ವಿಚಾರಿಸುವ ಮೊದಲು ನಿನ್ನದೇನು ಎಂದು ನೋಡಿಕೋ. ಅಮೆರಿಕದ ನರ್ಸಿಂಗ್ ಕಾಲೇಜುಗಳಲ್ಲಿ ದಶಕಗಳಿಂದ ನಡೆದುಬಂದಿರುವ ಒಂದು ಅಸೈನ್‌ಮೆಂಟಿನ ತಿರುಳು ಇಷ್ಟೇ. ವಿದ್ಯಾರ್ಥಿ ತನ್ನ ಮನೆತನದ ಬಗ್ಗೆ ಒಂದು ಪ್ರಶ್ನಾವಳಿ ತುಂಬಬೇಕು. ಕಾಯಿಲೆ ಬಂದಾಗ ಮನೆಯ ಹಿರಿಯರು ಏನು ಮಾಡುತ್ತಿದ್ದರು ಎಂದು ಬರೆಯಬೇಕು. ಬೇರೆ ಹಿನ್ನೆಲೆಯ ಕುಟುಂಬಗಳನ್ನೂ ಮಾತಾಡಿಸಿ ಎರಡನ್ನೂ ಹೋಲಿಸಬೇಕು. ಈ ಪ್ರಶ್ನಾವಳಿಯನ್ನು ಬಳಕೆಗೆ ತಂದವರು ರೇಚಲ್ ಸ್ಪೆಕ್ಟರ್. 1979ರಲ್ಲಿ ಮೊದಲ ಸಲ ಪ್ರಕಟವಾಗಿ ಮತ್ತೆ ಮತ್ತೆ ಪರಿಷ್ಕರಣೆಗೊಂಡ ಅವರ ‘ಕಲ್ಚರಲ್ ಡೈವರ್ಸಿಟಿ ಇನ್ ಹೆಲ್ತ್ ಅಂಡ್ ಇಲ್‌ನೆಸ್’ ಪುಸ್ತಕದ ಜೊತೆಗೆ ಅದು ಜಗತ್ತಿನ ಹಲವೆಡೆ ಹೋಯಿತು. ನಮ್ಮ ನರ್ಸಿಂಗ್ ತರಗತಿಗಳಿಗೂ ಇಂಥದ್ದೊಂದು ಅಭ್ಯಾಸ ಬೇಕು ಎನ್ನುವವಳು ನಾನು. ಆದರೆ ಸ್ಪೆಕ್ಟರ್ ಅವರ ಪ್ರಶ್ನಾವಳಿಯನ್ನು ಹಾಗೇ ತಂದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಕೇಳಲೇಬೇಕಾದ ಪ್ರಶ್ನೆ ಅದರಲ್ಲಿಲ್ಲ.

ಮೊದಲು ಪ್ರಶ್ನಾವಳಿಯೊಳಗೆ ಏನಿದೆ ನೋಡೋಣ. ಸುಮಾರು ಮೂವತ್ತು ಪ್ರಶ್ನೆಗಳು. ನಿಮ್ಮ ತಾಯಿ ಎಲ್ಲಿ ಹುಟ್ಟಿದರು, ತಂದೆ ಎಲ್ಲಿ, ಅಜ್ಜ-ಅಜ್ಜಿಯರು ಎಲ್ಲಿ? ನೀವು ಬೆಳೆದದ್ದು ಹಳ್ಳಿಯಲ್ಲೋ ಪಟ್ಟಣದಲ್ಲೋ? ಚಿಕ್ಕಮ್ಮ, ಮಾವ, ಅವರ ಮಕ್ಕಳೊಡನೆ ಒಡನಾಟ ಉಳಿದಿದೆಯೇ? ಮನೆತನದ ಹೆಸರು ಬದಲಾಯಿತೇ? ಮದುವೆಯಾದವರದು ನಿಮ್ಮದೇ ಧರ್ಮವೇ? ಮನೆಯಲ್ಲಿ ಪ್ರಾರ್ಥನೆ ಉಂಟೇ? ನಿಮ್ಮ ಜನಾಂಗದ ಅಡುಗೆ ಮಾಡುತ್ತೀರಾ? ಇಂಗ್ಲಿಷಲ್ಲದ ತಾಯ್ನುಡಿ ಇದ್ದರೆ ಅದನ್ನು ಆಡುತ್ತೀರಾ, ಓದುತ್ತೀರಾ? ಹೆಸರು ಬದಲಾದ ಪ್ರಶ್ನೆಯೊಂದನ್ನು ಬಿಟ್ಟರೆ, ‘ಹೌದು’ ಎಂಬ ಉತ್ತರ ಹೆಚ್ಚಿದಷ್ಟೂ ಆ ವ್ಯಕ್ತಿ ತನ್ನ ಪರಂಪರೆಗೆ ಹೆಚ್ಚು ಅಂಟಿಕೊಂಡಿದ್ದಾನೆ ಎಂದು ಲೆಕ್ಕ.

ವಲಸಿಗರ ದೇಶವೊಂದಕ್ಕೆ ಹೊಲಿದ ಅಂಗಿ ಇದು. ಪೋಲೆಂಡಿನಿಂದಲೋ ಮೆಕ್ಸಿಕೋದಿಂದಲೋ ಬಂದ ಮನೆತನದ ಮೂರನೆಯ ತಲೆಮಾರಿನ ಹುಡುಗಿ ಅದನ್ನು ತುಂಬಿದರೆ, ಮೂಲದಿಂದ ತಾನೆಷ್ಟು ದೂರ ಸರಿದಿದ್ದೇನೆ ಎಂಬುದು ಅವಳಿಗೆ ಕಾಣುತ್ತದೆ. ಪಾವಗಡ ತಾಲ್ಲೂಕಿನ ಹಳ್ಳಿಯೊಂದರಿಂದ ತುಮಕೂರಿಗೆ ಬಿ.ಎಸ್ಸಿ. ನರ್ಸಿಂಗ್ ಓದಲು ಬಂದ ಹುಡುಗಿಯ ಕೈಗೆ ಅದೇ ಹಾಳೆ ಕೊಡಿ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಹುಟ್ಟಿದ್ದು ಅದೇ ಸೀಮೆಯಲ್ಲಿ. ಚಿಕ್ಕಪ್ಪ, ದೊಡ್ಡಪ್ಪಂದಿರ ಮನೆ ಪಕ್ಕದ ಬೀದಿಯಲ್ಲಿ. ಮದುವೆ ಒಳಜಾತಿಯಲ್ಲಿ, ಊಟಕ್ಕೆ ಮುದ್ದೆ, ವರ್ಷಕ್ಕೊಮ್ಮೆ ಊರಮ್ಮನ ಜಾತ್ರೆ. ಅವಳಿಗೂ ಅವಳ ಹಾಸ್ಟೆಲ್ ಗೆಳತಿಗೂ ನೂರಕ್ಕೆ ತೊಂಬತ್ತರ ಮೇಲೆ ಅಂಕ. ಎಲ್ಲರೂ ಪಾಸಾಗುವ ಪರೀಕ್ಷೆಯಿಂದ ಯಾರ ಬಗ್ಗೆಯೂ ಏನೂ ತಿಳಿಯುವುದಿಲ್ಲ. ಅದೇ ತರಗತಿಯಲ್ಲಿರುವ ಕೊಟ್ಟಾಯಂ ಕಡೆಯ ಮಲಯಾಳಿ ವಿದ್ಯಾರ್ಥಿನಿಗೆ ಭಾಷೆ, ನೆರೆಹೊರೆಯ ಪ್ರಶ್ನೆಗಳು ಒಂದಿಷ್ಟು ಕೆಲಸಕ್ಕೆ ಬಂದಾವು, ಅಷ್ಟೆ.

ಹಾಗೆಂದು ಅಭ್ಯಾಸವನ್ನೇ ತಳ್ಳಿಹಾಕುವಂತಿಲ್ಲ. ಸ್ಪೆಕ್ಟರ್ ಅವರ ಪುಸ್ತಕದಲ್ಲಿ ಈ ಪ್ರಶ್ನಾವಳಿಗಿಂತ ಗಟ್ಟಿಯಾದ ಇನ್ನೊಂದು ಭಾಗವಿದೆ. ಆರೋಗ್ಯ ಕಾಪಾಡಿಕೊಳ್ಳಲು, ಕೇಡು ತಟ್ಟದಂತೆ ನೋಡಿಕೊಳ್ಳಲು, ಕೆಟ್ಟಾಗ ಸರಿಪಡಿಸಲು ನಿಮ್ಮ ಮನೆಯಲ್ಲಿ ಏನೇನು ಮಾಡುತ್ತಿದ್ದರು ಎಂದು ಅದು ಕೇಳುತ್ತದೆ. ದೇಹಕ್ಕೆ, ಮನಸ್ಸಿಗೆ, ನಂಬಿಕೆಗೆ ಬೇರೆಬೇರೆಯಾಗಿ ಕೇಳುವುದರಿಂದ ಒಟ್ಟು 9 ಮನೆಗಳ ಕೋಷ್ಟಕ. ಇಲ್ಲಿ ನಮ್ಮ ಹುಡುಗಿಯರ ಪೆನ್ನು ನಿಲ್ಲುವುದಿಲ್ಲ. ಅಮ್ಮ ಎದ್ದಾಗ ಬೇವಿನ ಸೊಪ್ಪು, ದೃಷ್ಟಿ ತೆಗೆಯಲು ಉಪ್ಪು-ಮೆಣಸಿನಕಾಯಿ, ಮಗುವಿಗೆ ಬಜೆ, ಗಾಯವಿದ್ದಾಗ ನಂಜೆಂದು ಬದನೆಕಾಯಿ ಬಿಡುವುದು, ಕೈಗೆ ಕಟ್ಟಿದ ತಾಯತ ಎಲ್ಲಕ್ಕೂ ಅಲ್ಲಿ ಜಾಗವಿದೆ. ಮನೆಯಲ್ಲಿ ಕಂಡದ್ದನ್ನು ಕಾಲೇಜಿನ ಹಾಳೆಯ ಮೇಲೆ ಬರೆಯಬಹುದು ಎಂಬ ಧೈರ್ಯವೇ ಮೊದಲ ಲಾಭ. ಕಾರಣ, ನಮ್ಮ ನರ್ಸಿಂಗ್ ಶಿಕ್ಷಣ ಕಲಿಸುವುದು ಇದಕ್ಕೆ ತೀರ ಉಲ್ಟಾ. ಸಮವಸ್ತ್ರ ತೊಟ್ಟ ದಿನದಿಂದ ಅಜ್ಜಿಯ ಮಾತೆಲ್ಲ ಮೂಢನಂಬಿಕೆ, ಪುಸ್ತಕದ ಮಾತೆಲ್ಲ ವಿಜ್ಞಾನ.

ಇದರ ಫಲ ಹೆರಿಗೆ ವಾರ್ಡಿನಲ್ಲಿ ಕಾಣುತ್ತದೆ. ಹೆತ್ತವಳ ತಾಯಿ ಫ್ಯಾನ್ ಆರಿಸಿ, ಮಗಳ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟುತ್ತಾಳೆ. ಥರ್ಮಾಸ್‌ನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಬೆಳ್ಳುಳ್ಳಿ-ಮೆಣಸಿನ ಸಾರು. ಎರಡನೆಯ ವರ್ಷದ ವಿದ್ಯಾರ್ಥಿನಿ ಬಂದು, ‘ಅಜ್ಜಿ, ಇದೆಲ್ಲ ಏನೂ ಬೇಡ, ಬಿಚ್ಚಿ’ ಎನ್ನುತ್ತಾಳೆ. ಅಜ್ಜಿ ತಲೆಯಾಡಿಸಿ, ಹುಡುಗಿ ಅತ್ತ ಹೋದ ಮೇಲೆ ಮತ್ತೆ ಕಟ್ಟುತ್ತಾಳೆ. ಮಗುವಿಗೆ ಸಕ್ಕರೆ ನೀರು ನೆಕ್ಕಿಸುವುದೂ ಹಾಗೆ ಕದ್ದುಮುಚ್ಚಿಯೇ ನಡೆದುಹೋಗುತ್ತದೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೇಡವೆಂದರೆ ನಿಜವಾಗಿ ಬೇಡವಾದದ್ದಕ್ಕೆ ಬೆಲೆ ಇರುವುದಿಲ್ಲ.

ಇಲ್ಲಿ ನೆರವಿಗೆ ಬರುವವರು ಮೆಡಲಿನ್ ಲೈನಿಂಜರ್. ನರ್ಸ್ ಆಗಿದ್ದುಕೊಂಡೇ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು 1960ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗಡ್ಸಪ್ ಜನರ ನಡುವೆ ಇದ್ದು ಅಧ್ಯಯನ ಮಾಡಿದವರು. ಮನೆಯ ಆಚರಣೆಯೊಂದು ಎದುರಾದಾಗ ನರ್ಸ್ ಮಾಡಬಹುದಾದದ್ದು ಮೂರು ಎಂದು ಅವರು ಹೇಳಿದರು: ಹಾಗೇ ಉಳಿಸುವುದು, ಹೊಂದಿಸಿಕೊಳ್ಳುವುದು, ಬದಲಾಯಿಸುವುದು. ನಮ್ಮ ಬಾಣಂತನವನ್ನು ಈ ಮೂರರಲ್ಲಿ ಹಂಚಿ ನೋಡಿ. ಹಂಡೆ ನೀರಿನ ಸ್ನಾನ, ಕಿವಿಯ ಬಟ್ಟೆ, ವಾರಗಟ್ಟಲೆ ವಿಶ್ರಾಂತಿ, ತವರಿನ ಹೆಂಗಸರ ಒತ್ತಾಸೆ, ಮೆಣಸಿನ ಸಾರು ಇವೆಲ್ಲ ಉಳಿಯಲಿ. ಯಾರಿಗೂ ಕೇಡಿಲ್ಲ, ತಾಯಿಗೆ ಸುಖ. ಪಥ್ಯವನ್ನು ಹೊಂದಿಸಿಕೊಳ್ಳಬೇಕು: ಸಬ್ಬಸಿಗೆ, ಮೆಂತ್ಯ, ಅಂಟಿನುಂಡೆ ಇರಲಿ, ಜೊತೆಗೆ ಬೇಳೆ, ಹಣ್ಣು, ತರಕಾರಿಯೂ ಸೇರಲಿ. ಸಾಂಬ್ರಾಣಿ ಕೆಂಡವನ್ನು ಮಗುವಿನ ಕೋಣೆಯಿಂದ ಆಚೆ ಇಡಿಸಬೇಕು. ಬದಲಾಗಲೇಬೇಕಾದವು ಬೇರೆ: ಗಿಣ್ಣುಹಾಲು ಹಿಂಡಿ ಚೆಲ್ಲುವುದು, ಜೇನು ನೆಕ್ಕಿಸುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು, ಹಾಲೂಡುವ ತಾಯಿಗೆ ಥಂಡಿಯಾಗುತ್ತದೆಂದು ನೀರು ಕೊಡದಿರುವುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, 6 ತಿಂಗಳವರೆಗೆ ಎದೆಹಾಲೊಂದೇ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ರಾಜಿಯಿಲ್ಲ. ತನ್ನ ಮನೆಯ ಬಾಣಂತನವನ್ನು ಮೊದಲೇ ಹೀಗೆ ವಿಂಗಡಿಸಿ ಬರೆದ ವಿದ್ಯಾರ್ಥಿನಿ ವಾರ್ಡಿನ ಅಜ್ಜಿಯೊಡನೆ ಜಗಳಕ್ಕಿಳಿಯುವುದಿಲ್ಲ. ಯಾವುದಕ್ಕೆ ಪಟ್ಟು ಹಿಡಿಯಬೇಕೆಂದು ಅವಳಿಗೆ ಗೊತ್ತಿರುತ್ತದೆ.

ಪರಂಪರೆಯ ಈ ಮುಖ ಹೆಮ್ಮೆಗೂ ಯೋಗ್ಯವಾದದ್ದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಪ್ರಸೂತಿ ನರ್ಸಿಂಗ್ ಓದುವ ನಮ್ಮ ಮಕ್ಕಳಿಗೆ ಫ್ಲಾರೆನ್ಸ್ ನೈಟಿಂಗೇಲ್ ಜೊತೆಗೆ ಈ ಹೆಸರೂ ಗೊತ್ತಿರಬೇಕು.

ಇಲ್ಲಿಗೆ ನಿಲ್ಲಿಸಿದರೆ ಮಾತು ಅರ್ಧ ಆದಂತೆ. ಸೂಲಗಿತ್ತಿಯನ್ನು ಮನೆಯೊಳಗೆ ಕರೆಸಿ ಹೆರಿಗೆ ಮಾಡಿಸಿಕೊಂಡ ಎಷ್ಟೋ ಮನೆಗಳು, ಮಾಸು ಹೂತು ಮೈಲಿಗೆ ತೊಳೆದ ಮೇಲೆ ಅವಳನ್ನು ಮತ್ತೆ ಹೊಸಿಲಾಚೆಗೆ ನಿಲ್ಲಿಸಿದವು. ರಕ್ತ, ಮಲ, ಕೀವು ಮುಟ್ಟುವ ಕೆಲಸ ಯಾರದು ಎಂಬುದನ್ನು ಈ ನೆಲದಲ್ಲಿ ಜಾತಿ ತೀರ್ಮಾನಿಸಿತು. ನಮ್ಮಲ್ಲಿ ನರ್ಸಿಂಗ್ ಉದ್ಯೋಗ ಬಹುಕಾಲ ಮಿಷನರಿಗಳ ಮತ್ತು ಕ್ರೈಸ್ತ ಹೆಣ್ಣುಮಕ್ಕಳ ಕೈಯಲ್ಲೇ ಉಳಿದದ್ದಕ್ಕೆ ಇದೂ ಒಂದು ಕಾರಣ. 2023ರ ಜುಲೈನಲ್ಲಿ ತುಮಕೂರು ಸಮೀಪದ ಹಟ್ಟಿಯೊಂದರಲ್ಲಿ, ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ-ಚಳಿಯಲ್ಲಿ ಕೂಸು ಸತ್ತಿತು. ಅದೂ ಪರಂಪರೆಯೇ. ಬೇವಿನ ಸೊಪ್ಪಿನ ಪಕ್ಕದಲ್ಲಿ ಅದನ್ನೂ ಬರೆಯದಿದ್ದರೆ ಹಾಳೆ ಸುಳ್ಳು ಹೇಳುತ್ತದೆ.

ಸ್ಪೆಕ್ಟರ್ ಅವರ ಪ್ರಶ್ನಾವಳಿ ಸೋಲುವುದು ಇಲ್ಲೇ. ನಿನ್ನ ಪರಂಪರೆ ಯಾವುದು, ಅದನ್ನು ಎಷ್ಟು ಪಾಲಿಸುತ್ತೀ ಎಂದು ಅದು ಕೇಳುತ್ತದೆ. ನಿನ್ನ ಪರಂಪರೆ ಬೇರೆಯವರಿಗೆ ಏನು ಮಾಡಿದೆ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. 1980ರ ದಶಕದ ಕೊನೆಯಲ್ಲಿ ನರ್ಸಿಂಗ್ ಶಿಕ್ಷಣ ಕುರಿತ ಸಭೆಯೊಂದರಲ್ಲಿ ಮಾವೋರಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಕಾನೂನಿನ ಸುರಕ್ಷತೆ, ಚಿಕಿತ್ಸೆಯ ಸುರಕ್ಷತೆ ಎಂದೆಲ್ಲ ಮಾತಾಡುತ್ತೀರಿ, ಸಂಸ್ಕೃತಿಯ ಸುರಕ್ಷತೆಯ ಗತಿಯೇನು ಎಂಬ ಅರ್ಥದ ಪ್ರಶ್ನೆ ಕೇಳಿದಳು. ಸ್ವತಃ ಮಾವೋರಿ ನರ್ಸ್ ಆಗಿದ್ದ ಇರಿಹಪೆಟಿ ರಾಮ್ಸ್‌ಡೆನ್ ಆ ಮಾತನ್ನು ಹಿಡಿದು ಒಂದು ಸಿದ್ಧಾಂತವಾಗಿ ಬೆಳೆಸಿದರು. 1990ರ ದಶಕದ ಆರಂಭದಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದ ಭಾಗವಾಗಿಸಿತು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು, ಸಂಸತ್ತಿನವರೆಗೂ ಹೋಯಿತು. ರಾಮ್ಸ್‌ಡೆನ್ 2003ರಲ್ಲಿ ತೀರಿಕೊಂಡರು. ಅವರ ಸಿದ್ಧಾಂತ ಉಳಿಯಿತು. ಇಂದು ನಮ್ಮ ಕಡೆಯಿಂದ ಅಲ್ಲಿಗೆ ಕೆಲಸಕ್ಕೆ ಹೋಗುವ ನರ್ಸುಗಳೂ ಅದನ್ನು ಕಲಿಯಬೇಕು.

ರಾಮ್ಸ್‌ಡೆನ್ ಅವರ ವಾದ ನೇರ. ಮಾವೋರಿ ಜನರ ಹಾಡು-ಕುಣಿತ ಕಲಿಯಬೇಡ, ನಿನ್ನ ಕೈಯಲ್ಲಿರುವ ಅಧಿಕಾರವನ್ನು ನೋಡಿಕೋ. ಮಲಗಿರುವವರು ರೋಗಿ, ನಿಂತಿರುವವಳು ನೀನು. ಚುಚ್ಚುವ ಸೂಜಿ, ಬರೆಯುವ ಚಾರ್ಟ್ ನಿನ್ನ ಕೈಯಲ್ಲಿ. ಆರೈಕೆ ಸುರಕ್ಷಿತವಾಗಿತ್ತೇ ಎಂಬ ತೀರ್ಪು ಆರೈಕೆ ಪಡೆದವರದೇ ಹೊರತು ಕೊಟ್ಟವರದಲ್ಲ. ಜಾತಿಯ ನಾಡಿಗೆ ಇದಕ್ಕಿಂತ ಹೊಂದುವ ಪಾಠ ಬೇರೊಂದಿಲ್ಲ.

ಸಮುದಾಯ ಆರೋಗ್ಯದ ಪೋಸ್ಟಿಂಗ್ ನೆನಪಿಸಿಕೊಳ್ಳಿ. ಹುಡುಗಿಯರು ನೀಲಿ ಬ್ಯಾಗು ಹೊತ್ತು ಹಳ್ಳಿಗೆ ಹೋಗುತ್ತಾರೆ. ಪೇಪರ್ ಹಾಸಿ ಬ್ಯಾಗ್ ಇಡು, ಕೈ ತೊಳೆ, ಬಿ.ಪಿ. ನೋಡು ಎಂದು ಬ್ಯಾಗ್ ಟೆಕ್ನಿಕ್‌ನ ಪ್ರತಿ ಹೆಜ್ಜೆಗೂ ಅಂಕವಿದೆ. ಯಾವ ಮನೆಯಲ್ಲಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು, ಯಾವ ಮನೆಯಲ್ಲಿ ಹೊಸಿಲಲ್ಲೇ ನಿಂತು ಬರೆದುಕೊಂಡಳು, ಎಲ್ಲಿ ಕೊಟ್ಟ ಟೀ ಕುಡಿದಳು, ಎಲ್ಲಿ ‘ಈಗ ತಾನೇ ಆಯ್ತು ಅಮ್ಮ’ ಎಂದಳು ಎಂಬುದಕ್ಕೆ ಕಾಲಮ್ಮೇ ಇಲ್ಲ. ಕುಟುಂಬ ಅಧ್ಯಯನದ ನಮೂನೆಯಲ್ಲಿ ಆ ಮನೆಯವರ ಧರ್ಮ, ಆಹಾರ, ಆದಾಯ ಎಲ್ಲ ತುಂಬುತ್ತಾಳೆ, ತನ್ನದೊಂದು ಬಿಟ್ಟು. ಮೊದಲ ವರ್ಷದ ಸಮಾಜಶಾಸ್ತ್ರದಲ್ಲಿ ಜಾತಿಯ ಪಾಠವಿದೆ. ಪರೀಕ್ಷೆಗೆ ಅದರ ಲಕ್ಷಣಗಳನ್ನು ಬರೆದು ಅಲ್ಲಿಗೇ ಬಿಡುತ್ತಾಳೆ.

ನರ್ಸಿಂಗ್‌ಗೂ ಅದರದೇ ಪರಂಪರೆ ಇದೆ ಎಂಬುದನ್ನೂ ಸೇರಿಸಬೇಕು. ನಮ್ಮ ಕಾಲೇಜುಗಳಲ್ಲಿ ದೀಪ ಬೆಳಗಿಸಿ ಹೇಳಿಸುವ ಪ್ರತಿಜ್ಞೆ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ರೂಪಿಸಿದ್ದು. ವೈದ್ಯರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತು ಅದರ ಮೂಲದಲ್ಲಿತ್ತು. ಸೀನಿಯರ್ ಬಂದರೆ ಎದ್ದು ನಿಲ್ಲುವುದು, ಡಾಕ್ಟರ ಎದುರು ಬಾಯಿ ಬಿಡದಿರುವುದು ಇವೂ ಹುಡುಗಿ ಪಡೆದ ಸಂಸ್ಕಾರಗಳೇ. ಮೇಲಿನವರೆದುರು ತಗ್ಗಿ ನಿಲ್ಲಲು ಕಲಿತವಳು ಕೆಳಗಿನವರೆಂದು ಕಂಡವರ ಮೇಲೆ ಸಿಡುಕುವುದನ್ನು ಯಾವ ವಾರ್ಡಿನಲ್ಲಾದರೂ ನೋಡಬಹುದು.

ಅಪಾಯವೂ ಉಂಟು. ಪರಂಪರೆಯ ಅವಲೋಕನವೆಂದರೆ ನಮ್ಮ ಕಾಲೇಜುಗಳಲ್ಲಿ ಬಲು ಬೇಗ ಎಥ್ನಿಕ್ ಡೇ ಆಗಿಬಿಡುತ್ತದೆ. ಇಳಕಲ್ ಸೀರೆ, ಕೊಡವ ಉಡುಗೆ, ಓಣಂ ಪೂಕಳಂ, ಫೋಟೊ. ಅದಕ್ಕಿಂತ ದೊಡ್ಡ ಅಪಾಯವೆಂದರೆ ತರಗತಿಯಲ್ಲಿ ಎಲ್ಲರೂ ಎದ್ದು ತಮ್ಮ ಮನೆಯ ಕತೆ ಹೇಳಿ ಎಂದು ಒತ್ತಾಯಿಸುವುದು. ಮೇಲ್ಜಾತಿಯ ಹುಡುಗಿಗೆ ಅದು ಪ್ರಬಂಧ, ದಲಿತ ಹುಡುಗಿಗೆ ಅದು ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಹೊರಬೇಕಾದ ಹಣೆಪಟ್ಟಿ. ಅಂಕ ಕೊಟ್ಟರಂತೂ ಮುಗಿಯಿತು, ಮೇಡಂಗೆ ಇಷ್ಟವಾಗುವುದನ್ನೇ ಎಲ್ಲರೂ ಬರೆಯುತ್ತಾರೆ.

ಹಾಗಾಗಿ ನನ್ನ ತೀರ್ಮಾನ ಇದು. ಸ್ಪೆಕ್ಟರ್ ಅವರ ಅಂಕದ ಪ್ರಶ್ನಾವಳಿ ಕೈಬಿಡಿ, 9 ಮನೆಗಳ ಕೋಷ್ಟಕ ಇಟ್ಟುಕೊಳ್ಳಿ. ಲೈನಿಂಜರ್ ಅವರ ಮೂರು ದಾರಿಗಳಲ್ಲಿ ಅದನ್ನು ವಿಂಗಡಿಸಲು ಹೇಳಿ. ಅದಕ್ಕೆ ರಾಮ್ಸ್‌ಡೆನ್ ಹಾದಿಯ ಮೂರು ಪ್ರಶ್ನೆ ಸೇರಿಸಿ: ಯಾರನ್ನು ಮುಟ್ಟಬಾರದೆಂದು ನಿನಗೆ ಮನೆಯಲ್ಲಿ ಕಲಿಸಿದರು? ಯಾರ ಮನೆಯಲ್ಲಿ ನೀರು ಕುಡಿಯಲು ಹಿಂಜರಿದೆ? ಯಾವ ರೋಗಿಯನ್ನು ‘ನೀವು’ ಎಂದೆ, ಯಾರನ್ನು ‘ನೀನು’ ಎಂದೆ? ವಿದ್ಯಾರ್ಥಿನಿ ಇದನ್ನು ತನಗಾಗಿ ಮಾತ್ರ ಬರೆದುಕೊಳ್ಳಲಿ, ಮೊದಲ ವರ್ಷ ಒಮ್ಮೆ, ಆಸ್ಪತ್ರೆ ಪೋಸ್ಟಿಂಗ್ ಮುಗಿದ ಮೇಲೆ ಮತ್ತೊಮ್ಮೆ. ಅಂಕ ಬೇಡ, ಓದಿ ಹೇಳಿಸುವುದು ಬೇಡ. ತರಗತಿಗೆ ಓದಿ ಹೇಳುವುದೇ ಆದರೆ ಪಾಠ ಮಾಡುವವರು ತಮ್ಮದನ್ನು ಮೊದಲು ಓದಲಿ.