ಮೊದಲು ನೆಲ ನೋಡಿ, ಆಮೇಲೆ ಮಷೀನು

ಕಳೆದ ವಾರ ದಂಡದ ಬಗ್ಗೆ ಬರೆದು ಈ ವಾರ ಬೈಠಕ್ ಎಂದಿದ್ದೆ. ಬೈಠಕ್ ಮುಂದಿನ ವಾರಕ್ಕಿರಲಿ. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರುವ ಹುಡುಗನೊಬ್ಬ ಕೇಳಿದ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. "ಸರ್, ರಾಯಚೂರಾಗ ಯಾವ ಜಿಮ್ ಸೇರ್ಲಿರಿ? ಒಂದ್ರಾಗ ಎಸಿ ಐತಿ, ಎಲ್ಲಾ ಹೊಸಾ ಮಷೀನ್ ಅದಾವ. ಇನ್ನೊಂದು ಹಳೇದು, ಬರೇ ರಾಡು, ಪ್ಲೇಟು."

ಹಳೆಯದಕ್ಕೇ ಸೇರಪ್ಪಾ ಎಂದೆ. ಒಂದೇ ಷರತ್ತು: ಅಲ್ಲಿ ಕಲಿಸುವವರು ಇರಬೇಕು.

ಈ ಅಂಕಣ ಓದುತ್ತ ಬಂದವರಿಗೆ ಮಷೀನ್ ಪಂಥದವರ ಜೊತೆ ನನ್ನ ಜಗಳ ಹೊಸದಲ್ಲ. ಮಷೀನಿನಲ್ಲಿ ಬೆನ್ನಿಗೆ ದಿಂಬು, ಕಾಲಿಗೆ ಆಸರೆ, ತೂಕ ಓಡಾಡಲು ಹಳಿ ಎಲ್ಲವೂ ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ಭಾರ ಓಲಾಡದಂತೆ ಹಿಡಿಯುವ ಕೆಲಸವನ್ನು ಕಬ್ಬಿಣವೇ ಮಾಡಿಬಿಡುವುದರಿಂದ ಸೊಂಟ, ಹೊಟ್ಟೆ, ಬೆನ್ನಿನ ಸಣ್ಣ ಸ್ನಾಯುಗಳು ಸುಮ್ಮನೆ ಕೂರುತ್ತವೆ. ಮೊಣಕಾಲು ಆಪರೇಷನ್ ಆದವರಿಗೆ, ವಯಸ್ಸಾದವರಿಗೆ ಮಷೀನಿನಿಂದ ಉಪಯೋಗವಿದೆ, ಒಪ್ಪುತ್ತೇನೆ. ಇಪ್ಪತ್ತೆರಡರ ಹುಡುಗ ಅಲ್ಲಿಂದಲೇ ಶುರುಮಾಡಿ ಅಲ್ಲಿಯೇ ಉಳಿದರೆ, ನೆಲದ ಮೇಲಿನ ಚೀಲ ಎತ್ತುವುದನ್ನು ಎಂದೂ ಕಲಿಯುವುದಿಲ್ಲ.

ಚೀಲ ಎತ್ತುವುದನ್ನು ನೋಡಬೇಕೆಂದರೆ ಸುಗ್ಗಿಯಲ್ಲಿ ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗಿ. ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕಿಲೋ. ಹಮಾಲರು ಅದನ್ನು ಎತ್ತುವಾಗ ಪಾದಗಳನ್ನು ಗಮನಿಸಿ. ಇಡೀ ಅಂಗಾಲು ನೆಲ ಕಚ್ಚಿರುತ್ತದೆ, ಹಿಮ್ಮಡಿ ಏಳುವುದಿಲ್ಲ. ಚೀಲ ಮೈಗೆ ಅಂಟಿಕೊಂಡೇ ಬೆನ್ನಿಗೇರುತ್ತದೆ. ಮೇಲೇಳುವ ಆ ಒಂದು ಗಳಿಗೆ ಉಸಿರು ಬಿಗಿ ಹಿಡಿದಿರುತ್ತಾರೆ, ಹೆಜ್ಜೆ ಇಟ್ಟ ಮೇಲೆ ಬಿಡುತ್ತಾರೆ. ಜಿಮ್ಮಿನಲ್ಲಿ ಡೆಡ್‌ಲಿಫ್ಟ್ ಎಂದು ಕಲಿಸುವುದರ ಮುಕ್ಕಾಲು ಪಾಲು ಅಲ್ಲಿಯೇ ಇದೆ.

ಗಂಜಿನ ಮಾತು ಬಂದ ಮೇಲೆ ಕಾರಹುಣ್ಣಿಮೆಯನ್ನು ಬಿಡಲು ಆಗುವುದಿಲ್ಲ. ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಜನರ ಕಣ್ಣೆಲ್ಲ ಭಾರದ ಕಲ್ಲು ಎಳೆಯುವ ಎತ್ತುಗಳ ಮೇಲೆ. ನನ್ನ ಕಣ್ಣು ಕಲ್ಲುಗುಂಡು ಎತ್ತುವವರ ಮೇಲೆ, ಉಸುಕಿನ ಚೀಲ ಎತ್ತುವವರ ಮೇಲೆ. ಗುಂಡಿಗೆ ಹಿಡಿಕೆ ಇಲ್ಲ. ಎರಡೂ ಕೈಯ ಬೆರಳನ್ನು ಅಡಿಗೆ ತೂರಿಸಿ ಮೊದಲು ತೊಡೆಯ ಮೇಲೆ ತಂದುಕೊಳ್ಳಬೇಕು. ಅಲ್ಲಿ ಒಂದು ಗಳಿಗೆ ನಿಂತು, ಉಸಿರು ತೆಗೆದುಕೊಂಡು, ಎದೆಗೆ ಅಪ್ಪಿಕೊಂಡು ಸೊಂಟದ ಬಲದಿಂದ ಏಳಬೇಕು. ಭುಜಕ್ಕೆ ಹೋಗುವುದು ಆಮೇಲಿನ ಮಾತು. ತೋಳು ದಪ್ಪ ಇದ್ದವರು ತೊಡೆಯವರೆಗೂ ತರಲಾಗದೆ ಕೈಬಿಡುತ್ತಾರೆ. ಹೊಲದಲ್ಲಿ ದುಡಿದ ಸಣಕಲು ಮೈಯವರು ಎತ್ತಿ ಹಿಂದಕ್ಕೆ ಹಾಕುತ್ತಾರೆ. ಐಸ್‌ಲ್ಯಾಂಡಿನ ಹುಸಾಫೆಲ್ ಎಂಬಲ್ಲಿ 186 ಕಿಲೋದ ಒಂದು ಕಲ್ಲಿದೆ. ಅದನ್ನು ಅಪ್ಪಿ ನಡೆಯಬೇಕೆಂದು ಲೋಕದ ಬಲಶಾಲಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ನಮ್ಮೂರುಗಳಲ್ಲಿ ಹನುಮಪ್ಪನ ಗುಡಿ ಮುಂದೆ ಬಿದ್ದಿರುವ ಗುಂಡುಗಳಿಗೂ ಆ ಮರ್ಯಾದೆ ಸಿಗಬೇಕು.

ಈ ವಿದ್ಯೆಯೆಲ್ಲ ಹೊರಗಿನಿಂದ ಬಂದದ್ದು ಎನ್ನುವವರಿಗೆ ನಾನು ಮತ್ತೆ ಮತ್ತೆ ತೋರಿಸುವ ಗ್ರಂಥ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದದ್ದು. ನಮ್ಮ ಸೀಮೆಯ ಅರಮನೆಯ ಪುಸ್ತಕ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಊಟ ಹೇಳಿ, ಆಮೇಲೆ ಸಾಮಿನ ವಿಚಾರಕ್ಕೆ ಬರುತ್ತಾನೆ. ಭಾರ ಎತ್ತುವುದು ಭಾರಶ್ರಮ. ನಡೆದಾಡುವುದು ಭ್ರಮಣಶ್ರಮ. ನೀರಿನಲ್ಲಿ ಮಾಡುವುದು ಸಲಿಲಶ್ರಮ. ತೋಳಿನ ಬಲಕ್ಕೆ ಬಾಹುಪೆಲ್ಲಣಕ ಶ್ರಮ. ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಭಾರಕ್ಕೆ ಒಂದು, ದಮ್ಮಿಗೆ ಎರಡು, ತೋಳಿಗೆ ಒಂದು, ಇಡೀ ಮೈಯನ್ನು ತಾನೇ ಹೊತ್ತು ತಿರುಗಿಸಲು ಒಂದು. ಒಂಬೈನೂರು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಪಟ್ಟಿ ನಾನು ಕಂಡಿಲ್ಲ. ಜಿಮ್ಮಿಗೆ ಹೋದಾಗ ಈ ಪಟ್ಟಿ ಹಿಡಿದೇ ನೋಡಿ. ಎತ್ತಲು ರಾಡು, ಪ್ಲೇಟು ಇವೆಯೇ? ಜೋತುಬೀಳಲು ಗಟ್ಟಿ ಕಂಬಿ ಇದೆಯೇ? ಮುಖ್ಯವಾಗಿ, ದಂಡ ಹೊಡೆಯಲು ನಾಲ್ಕು ಜನರಿಗಾಗುವಷ್ಟು ಬರಿನೆಲ ಇದೆಯೇ? ಗೋಡೆಯಿಂದ ಗೋಡೆಗೆ ಮಷೀನು ತುಂಬಿದ್ದರೆ ಹೊರಬನ್ನಿ.

ಇನ್ನೊಂದು ಹಳೆಯ ಜಗಳವಿದೆ. ಕಬ್ಬಿಣ ಎತ್ತಿದರೆ ಮೈ ಬಿರುಸಾಗುತ್ತದೆ ಎಂದು ಯೋಗದವರು, ಆಸನವೆಲ್ಲ ಮುದುಕರಿಗೆ ಎಂದು ಜಿಮ್ಮಿನವರು. ಇಬ್ಬರಿಗೂ ಕೆ.ವಿ. ಅಯ್ಯರ್ ಬದುಕಿನಲ್ಲಿಯೇ ಉತ್ತರ ಕೊಟ್ಟು ಹೋಗಿದ್ದಾರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಗೊತ್ತಿರುವ ಇದೇ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಶಿಯಂ ನಡೆಸಿದರು. ಬಾರ್ಬೆಲ್, ಯೋಗಾಸನ, ಸೂರ್ಯನಮಸ್ಕಾರ ಮೂರನ್ನೂ ಒಂದೇ ಸೂರಿನಡಿ ಕಲಿಸಿದರು, ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸಿದರು. ಅವರ ಹಳೆಯ ಫೋಟೊಗಳಲ್ಲಿ ಕಾಣುವ ಮೈಕಟ್ಟಿಗೆ ಇವತ್ತಿನ ಯಾವ ಡಬ್ಬಿಯ ಪುಡಿಯೂ ಕಾರಣವಲ್ಲ.

ಡಬ್ಬಿಯ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಸೇರಿದ ಮೊದಲ ವಾರವೇ ಪ್ರೋಟೀನ್ ಡಬ್ಬಿ ಮಾರಲು ಬರುವ ತರಬೇತುದಾರರು ಅಂಗಡಿಯವರು, ಉಸ್ತಾದರಲ್ಲ. ಸೂಜಿಯ ಮಾತು ತೆಗೆದರಂತೂ ಆ ದಿನವೇ ಬಿಟ್ಟುಬಿಡಿ. ಸ್ಟೆರಾಯ್ಡ್ ಹೃದಯವನ್ನೂ ಲಿವರನ್ನೂ ತಿನ್ನುತ್ತದೆ. ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮಾಂಸ ನಮ್ಮ ಸಂತೆಯಲ್ಲಿಯೇ ಸಿಗುತ್ತವೆ.

ರಾಯಚೂರಿನವರಿಗೆ ಬೆಂಗಳೂರಿನವರ ಸಲಹೆ ಹೊಂದದಿರುವುದು ಬಿಸಿಲಿನ ವಿಷಯದಲ್ಲಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ತಗಡಿನ ಕೆಳಗಿನ ಮೇಲ್ಮಹಡಿಯ ಜಿಮ್ಮು ಸಂಜೆ ಆರಕ್ಕೂ ಕಾದೇ ಇರುತ್ತದೆ. ಎಸಿ ನಂಬಿ ಕಿಟಕಿಯೇ ಇಡದ ಕೋಣೆಯಲ್ಲಿ ಕರೆಂಟ್ ಹೋದರೆ ನಿಲ್ಲಲು ಆಗುವುದಿಲ್ಲ. ನೆಲಮಹಡಿ, ಎದುರುಬದುರು ಕಿಟಕಿ, ಕುಡಿಯುವ ನೀರು, ನಸುಕಿನ ಐದಕ್ಕೆ ತೆರೆಯುವ ಬಾಗಿಲು ಇರುವುದನ್ನು ಹುಡುಕಿ. ವಾಗ್ಭಟ ಅಷ್ಟಾಂಗ ಹೃದಯದಲ್ಲಿ ಇದನ್ನು ಎಂದೋ ಹೇಳಿದ್ದಾನೆ. ಚಳಿಗಾಲ, ವಸಂತದಲ್ಲಿ ಅರ್ಧಶಕ್ತಿಯ ತನಕ ವ್ಯಾಯಾಮ, ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ. ಅರ್ಧಶಕ್ತಿ ಎಲ್ಲಿಗೆ ಮುಗಿಯಿತೆಂದು ತಿಳಿಯುವುದು ಹೇಗೆ? ಸುಶ್ರುತ ಗುರುತು ಕೊಡುತ್ತಾನೆ: ಮೂಗಿನ ಉಸಿರು ಸಾಲದೆ ಬಾಯಿಗೆ ಬಂದಾಗ. ಬೇಸಿಗೆಯಲ್ಲಿ "ಇನ್ನೊಂದು, ಇನ್ನೊಂದು" ಎಂದು ಕೂಗಿ ಹುಡುಗರನ್ನು ಹಣ್ಣುಮಾಡುವ ತರಬೇತುದಾರರು ಈ ಮಾತನ್ನು ಗೋಡೆಗೆ ಬರೆಸಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಜಿಮ್ಮು ಬಿಡಿಸಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಪರಿಹಾರ ಬಿಡಿಸುವುದಲ್ಲ, ವಿಚಾರಿಸಿ ಸೇರಿಸಿಕೊಳ್ಳುವ ಜಾಗ ಹುಡುಕುವುದು. ಬಿಪಿ, ಸಕ್ಕರೆ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದ್ದದ್ದು ಕೇಳದೆ ಫಾರಂ ತುಂಬಿಸಿಕೊಳ್ಳುವ ಕಡೆ ಸೇರಬೇಡಿ. ನಲವತ್ತು ದಾಟಿದವರು ಡಾಕ್ಟರಿಗೆ ತೋರಿಸಿಕೊಂಡೇ ಹೋಗಿ. ಸೇರುವ ಮೊದಲು ಸಂಜೆಯ ಗದ್ದಲದ ಹೊತ್ತಿನಲ್ಲಿ ಹೋಗಿ, ಒಂದು ಮೂಲೆಯಲ್ಲಿ ನಿಂತು ಹೊಸಬರಿಗೆ ಅಲ್ಲಿ ಏನಾಗುತ್ತದೆ ನೋಡಿ. ಉಸ್ತಾದರು ಖಾಲಿ ರಾಡು ಕೊಟ್ಟು, ಪಕ್ಕದಲ್ಲಿ ಕೂತು, ಮೊಣಕಾಲು ಒಳಗೆ ಬೀಳುವುದನ್ನು ತಟ್ಟಿ ಸರಿಮಾಡುತ್ತಿದ್ದರೆ ಅದೇ ನಿಮ್ಮ ಜಾಗ. ಫೋನ್ ನೋಡುತ್ತ ಕನ್ನಡಿ ಮುಂದೆ ನಿಂತಿದ್ದರೆ, ಎಷ್ಟೇ ಹೊಸ ಸಾಮಾನಿರಲಿ, ತಿರುಗಿ ಬನ್ನಿ.

ಇನ್ನು ಯರಗೇರಾದ ಹುಡುಗರಿಗೆ ಒಂದು ಮಾತು. ಮಂತ್ರಾಲಯದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುವ ಸಾಮು ಬಹಳ ದಿನ ನಡೆಯುವುದಿಲ್ಲ. ವಾರಕ್ಕೆ ಎರಡು ದಿನ ರಾಯಚೂರಿಗೆ ಹೋಗಿ ರಾಡು ಎತ್ತುವುದನ್ನು ಕಲಿಯಿರಿ. ಉಳಿದ ದಿನ ಊರಿನಲ್ಲೇ ದಂಡ, ಬೈಠಕ್, ನಸುಕಿನ ಓಟ, ಒಂದು ಉಸುಕಿನ ಚೀಲ ಸಾಕು. ವಿಶ್ವವಿದ್ಯಾಲಯದವರು ಆವರಣದಲ್ಲಿ ಹತ್ತು ರಾಡು, ಒಂದು ಕಂಬಿ, ಒಬ್ಬ ಒಳ್ಳೆಯ ಶಿಕ್ಷಕರನ್ನು ಇಟ್ಟು ಬೆಳಿಗ್ಗೆ ಎರಡು ತಾಸು ಊರಿನ ಮಕ್ಕಳಿಗೂ ಬಾಗಿಲು ತೆರೆದರೆ ಇನ್ನೂ ಒಳ್ಳೆಯದು, ದಯವಿಟ್ಟು ತೆರೆಯಲಿ.

ಎಲ್ಲಿಯೇ ಸೇರಿದರೂ ವರ್ಷದ ಫೀ ಒಮ್ಮೆಗೇ ಕಟ್ಟಬೇಡಿ. ಒಂದು ತಿಂಗಳದ್ದು ಕಟ್ಟಿ. ಆ ತಿಂಗಳಲ್ಲಿ ಯಾರೊಬ್ಬರೂ ನಿಮ್ಮ ಬೈಠಕ್ ತಿದ್ದದಿದ್ದರೆ ಎರಡನೇ ತಿಂಗಳು ಬೇರೆ ಜಿಮ್ಮು ನೋಡಿಕೊಳ್ಳಿ.