ಮರಣಶಾಸನ ಪತ್ರಗಳೂ ಮನೆತನದ ಚರಿತ್ರೆಯೂ

ಚಾಮರಾಜನಗರ, ಗುಂಡ್ಲುಪೇಟೆ ಪ್ರಾಂತದ ಜೈನ ಮನೆತನಗಳ ಚರಿತ್ರೆಯನ್ನು ಬರೆಯಹೊರಟವರು ಪ್ರೊಬೇಟ್ ದಾಖಲೆಯನ್ನು ಅರಸಿ, ಅದು ದೊರೆಯದಿರಲು ಮರಣಶಾಸನವೇ ಇರಲಿಲ್ಲವೆಂದು ನಿರ್ಣಯಿಸುವುದುಂಟು. ಈ ನಿರ್ಣಯವು ಯುಕ್ತವಲ್ಲ. ಪ್ರೊಬೇಟ್ ಎಂಬುದು ಮರಣಶಾಸನವು ಸಿದ್ಧವೆಂದು ನ್ಯಾಯಾಲಯವು ಕೊಡುವ ಪ್ರಮಾಣ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯು ಹಿಂದೂ, ಜೈನ ಮೊದಲಾದವರಿಗೆ ಅದನ್ನು ಕಡ್ಡಾಯಗೊಳಿಸಿದ್ದು ಬಂಗಾಳ ಪ್ರಾಂತಕ್ಕೂ ಮದರಾಸು, ಮುಂಬಯಿ ನಗರಗಳ ಪರಿಧಿಗೂ ಸಂಬಂಧಿಸಿದ ಉಯಿಲುಗಳಿಗೆ ಮಾತ್ರ. ಮೈಸೂರು ಸೀಮೆಯಲ್ಲಿ ಅರಸಬೇಕಾದುದು ನೋಂದಣಿಯಾದ ಉಯಿಲು, ವಿಭಾಗಪತ್ರ, ದತ್ತಕಪತ್ರಗಳನ್ನು. ಅವನ್ನೂ 1997ರವರೆಗೆ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಯವೆಂಬುದನ್ನು ಮರೆಯದೆ. 1818ಕ್ಕೆ ಹಿಂದಿನ ಓಲೆಯ ಅರಿಕುಠಾರವೇ ಇಂದಿನ ಚಾಮರಾಜನಗರವೆಂದು ಅರಿಯದವನು ಒಂದೇ ಮನೆತನವನ್ನು ಎರಡು ಊರುಗಳಿಗೆ ಹಂಚಿಬಿಟ್ಟಾನು!

ಇದಕ್ಕಿಂತ ಗುರುತರವಾದ ಪ್ರಮಾದವು ವಿಧವೆಯರ ವಿಷಯದಲ್ಲಿ ನಡೆಯುತ್ತದೆ. ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಪುತ್ರಹೀನಳಾದ ಶ್ರಾವಕಿಯೊಬ್ಬಳು ಶಾಸ್ತ್ರದಾನ ಮಾಡಿದಳೆಂದಿದ್ದರೆ, ಪತಿಯ ಸ್ವತ್ತನ್ನು ಕೊಡಲು ಆಕೆಗೆ ಅಧಿಕಾರವೆಲ್ಲಿಯದು, ಪ್ರಶಸ್ತಿಯೇ ಪ್ರಕ್ಷಿಪ್ತವೆಂದು ತಳ್ಳಿಹಾಕುವರು. ಭದ್ರಬಾಹುಸಂಹಿತೆ, ಅರ್ಹನ್ನೀತಿಗಳು ಆಕೆಯ ಅಧಿಕಾರವನ್ನು ಒಪ್ಪುತ್ತವೆ. 1878ರಲ್ಲಿ ಪ್ರಿವಿ ಕೌನ್ಸಿಲ್ ಕೂಡ ಉತ್ತರದೇಶದ ಅಗರವಾಲ ಜೈನರ ರೂಢಿಯನ್ನು ಆಧರಿಸಿ, ಪತಿಯ ಸ್ವಾರ್ಜಿತದಲ್ಲಿ ಪುತ್ರಹೀನ ವಿಧವೆಗೆ ಪೂರ್ಣಸ್ವಾಮ್ಯವನ್ನು ಮನ್ನಿಸಿತು. ಆದರೆ ಅದು ಒಂದು ಸಮುದಾಯದ ರೂಢಿ. ಗುಂಡ್ಲುಪೇಟೆಯ ಮನೆತನಕ್ಕೆ ಹಾಗೆಯೇ ಅನ್ವಯಿಸಲಾಗದು. 1927ರಲ್ಲಿ ಮದರಾಸಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಜೈನರು ಹಿಂದೂಮತದಿಂದ ಸಿಡಿದು ಬಂದವರಲ್ಲವೆಂದು ಬರೆದರು. ಆದರೂ ನ್ಯಾಯಾಲಯಗಳ ರೂಢಪದ್ಧತಿಯು ಮಾರ್ಪಡಲಿಲ್ಲ.

ಇದರಲ್ಲಿ ಸಮಾಜದ ಪಾಲೂ ಇದೆ. ಶಾಸ್ತ್ರಗ್ರಂಥಗಳನ್ನು ನ್ಯಾಯಾಲಯಕ್ಕೆ ಒಯ್ಯಲು ಜೈನರು ಹಿಂಜರಿದುದರಿಂದಲೇ ಜೈನರಿಗೆ ಬೇರೆ ನ್ಯಾಯಶಾಸ್ತ್ರವಿಲ್ಲವೆಂಬ ಮಾತು ನೆಲೆಯೂರಿತೆಂದು ಚಂಪತರಾಯ ಜೈನರು 1926ರ ತಮ್ಮ ‘ಜೈನ ಲಾ’ ಗ್ರಂಥದಲ್ಲಿ ಹೇಳಿದುದು ಕಠೋರವಾದರೂ ಅಸತ್ಯವಲ್ಲ. ಕಪಾಟಿನಲ್ಲಿ ಕಟ್ಟಿಟ್ಟ ಓಲೆಗರಿ ಯಾವ ವಿಧವೆಗೂ ಸಾಕ್ಷಿಯಾಗಲಿಲ್ಲ.

ದಾನದ ಲೇಖದಿಂದ ವಂಶವನ್ನು ತಿಳಿಯುವುದು ನೂತನ ಪದ್ಧತಿಯೇನಲ್ಲ. ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಕಟ್ಟಿಸಿದ ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಶಾಸನದಲ್ಲಿ ಅವನ ವಂಶವೂ ವರ್ಣಿತವಾಗಿದೆ. ಅದನ್ನು ಒಪ್ಪುವವರು ಶ್ರಾವಕಿಯ ಓಲೆಯನ್ನು ನಿರಾಕರಿಸುವ ಮುನ್ನ ಪ್ರಶಸ್ತಿಯ ಲಿಪಿಯು ಗ್ರಂಥದ ಲಿಪಿಯೇ, ದಾನದ ತಿಥಿಯು ಪತಿಯ ಮರಣಾನಂತರದ್ದೇ, ಕೊಟ್ಟುದು ಪಿತ್ರಾರ್ಜಿತವೇ ಸ್ತ್ರೀಧನವೇ ಎಂಬುದನ್ನು ಪರೀಕ್ಷಿಸಲಿ. ‘ಪುತ್ರ’ ಎಂದಿರುವಲ್ಲಿ ದತ್ತಕಪತ್ರವನ್ನೂ ಒಮ್ಮೆ ಹುಡುಕಲಿ.